ಆಯುಧಪೂಜೆಗೆ ಇಟ್ಟ ಪಾಸ್‌ವರ್ಡು

ವೇದಿಕೆಯ ಮೇಲೆ ಆಸೀನರಾಗಿರುವ, ಸಿರಿಗೂಡು ರೇಷ್ಮೆ ಬೆಳೆಗಾರರ ಸಹಕಾರ ಸಂಘದ ಮಾನ್ಯ ಅಧ್ಯಕ್ಷರಾದ ನರಸಿಂಹಪ್ಪನವರೇ, ಮುಖ್ಯ ಅತಿಥಿಗಳಾದ ನಿವೃತ್ತ ಪ್ರಾಂಶುಪಾಲ ಸತ್ಯಮೂರ್ತಿಯವರೇ, ನಿರ್ದೇಶಕ ಮಿತ್ರರೇ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಶಾಖೆಗಳಿಂದ ಬೆಳಗಿನ ಬಸ್ಸು ಹಿಡಿದು ನಮ್ಮ ಶಿಡ್ಲಘಟ್ಟಕ್ಕೆ ಬಂದಿರುವ ಷೇರುದಾರ ಬಂಧುಗಳೇ, ತಾಯಂದಿರೇ, ಹಿಂದಿನ ಬಾಗಿಲಲ್ಲಿ ನಿಂತು ಸಾರಿನ ವಾಸನೆಯನ್ನೂ ನನ್ನ ಮಾತನ್ನೂ ಏಕಕಾಲದಲ್ಲಿ ಸವಿಯುತ್ತಿರುವ ಸಭಿಕರೇ,

ವೆಂಕಟರವಣಪ್ಪ ಎಂಬ ಈ ನಿಮ್ಮ ಮಾಜಿ ಅಧ್ಯಕ್ಷನ ಬಗ್ಗೆ ನಿಮಗೆ ತಿಳಿಯದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹೋದ ತಿಂಗಳು ದೆಹಲಿಯಿಂದ ನನಗೆ ಫೋನು ಬಂದಿತ್ತು. ದೊಡ್ಡವರು. ಎಷ್ಟು ದೊಡ್ಡವರು ಎಂದು ಕೇಳಬೇಡಿ. "ವೆಂಕಟರವಣಪ್ಪನವರೇ, ಈ ದೇಶದ ಕಂಪ್ಯೂಟರುಗಳಿಗೆಲ್ಲ ಬೀಗ ಹಾಕಬೇಕಾಗಿದೆ, ಯಾವ ಬೀಗ ಒಳ್ಳೆಯದು, ತಾವೇ ಹೇಳಬೇಕು" ಎಂದು ಅಚ್ಚಕನ್ನಡದಲ್ಲಿ ಕೇಳಿದರು. "ಹುಳ ಜ್ವರ ಬಿಟ್ಟು ಹಸಿದು ಎದ್ದಿವೆ, ಸೊಪ್ಪು ತರೋಕೆ ಹೋಗಬೇಕು, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟೆ.

ನಗುತ್ತಿದ್ದೀರಿ. ನಗಿ. ಏಳನೇ ತರಗತಿಯನ್ನು ಎರಡು ಸಲ ಓದಿದವನು ನಾನು, ಒಂದು ಸಲ ಪಾಸಾಗಲಿಕ್ಕೆ, ಇನ್ನೊಂದು ಸಲ ಗಟ್ಟಿಯಾಗಲಿಕ್ಕೆ. ಗಟ್ಟಿಯಾದದ್ದು ಮೊದಲು, ಪಾಸಾದದ್ದು ಆಮೇಲೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿ, "ಪ್ರಿವಿಲೆಜ್ಡ್ ಆಕ್ಸೆಸ್ ಮ್ಯಾನೇಜ್‌ಮೆಂಟ್ ತಂತ್ರಾಂಶಗಳ ತುಲನೆ: ಖರೀದಿ ಉಪಸಮಿತಿ ಸಂಚಾಲಕರಿಂದ" ಎಂದು ಅಚ್ಚಾಗಿದೆ. ಅದು ನಾನೇ. ಹೆಸರು ಉದ್ದವಾಗಿದೆ, ಸಂಗತಿ ಗಿಡ್ಡ. ನಮ್ಮ ಸಂಘದ ನಾಲ್ಕು ಶಾಖೆಗಳ ಲೆಕ್ಕಾಚಾರವೆಲ್ಲ ಒಂದು ಸಾಫ್ಟ್‌ವೇರಿನಲ್ಲಿದೆ. ಅದರಲ್ಲಿ ಗುಮಾಸ್ತರಿಗೆ ಒಂದೊಂದು ಸಣ್ಣ ಕೀಲಿ. ಆದರೆ ಎಲ್ಲ ಬಾಗಿಲನ್ನೂ ತೆರೆಯುವ ಒಂದು ದೊಡ್ಡ ಕೀಲಿ ಇದೆ. ಅದು ಸಿಕ್ಕಿದವನು ಯಾರ ಠೇವಣಿಯನ್ನು ಬೇಕಾದರೂ ಒಡೆಯಬಹುದು, ಎಲ್ಲಿಗೆ ಬೇಕಾದರೂ ಕಳಿಸಬಹುದು. ಅದಕ್ಕೆ ಅಡ್ಮಿನ್ ಪಾಸ್‌ವರ್ಡು ಎನ್ನುತ್ತಾರೆ. ಆ ದೊಡ್ಡ ಕೀಲಿಯನ್ನು ಕಾಯುವ ಸಾಫ್ಟ್‌ವೇರುಗಳೇ ಇವು. ಮೂರು ಕಂಪನಿಗಳವರು ಬಂದು ತೋರಿಸಿದರು. ಮೂರನ್ನೂ ನೋಡಿದೆವು.

ಮೊದಲನೆಯದು ಕೀಲಿಯನ್ನು ತಿಜೋರಿಯಲ್ಲಿಟ್ಟುಕೊಳ್ಳುತ್ತದೆ. ಯಾರ ಕೈಗೂ ಕೊಡುವುದಿಲ್ಲ. ನೀವು ಬಂದಿರಾ, ತಾನೇ ಬಾಗಿಲು ತೆಗೆದು ಒಳಗೆ ಬಿಡುತ್ತದೆ, ನೀವು ಹೊರಗೆ ಬಂದಮೇಲೆ ಕೀಲಿಯನ್ನೇ ಬದಲಾಯಿಸಿಬಿಡುತ್ತದೆ. ಬಹಳ ಚೆನ್ನಾಗಿದೆ. ಬೆಲೆ ಕೇಳಿದಾಗ ನಮ್ಮ ನಿರ್ದೇಶಕರೊಬ್ಬರು ನೀರು ಕೇಳಿದರು.

ಎರಡನೆಯದು ಸಿನಿಮಾದವರ ಥರ. ಒಳಗೆ ಹೋದವರು ಏನು ಮುಟ್ಟಿದರು, ಎಲ್ಲಿ ಒತ್ತಿದರು, ಎಲ್ಲವನ್ನೂ ಚಿತ್ರೀಕರಿಸಿ ಇಡುತ್ತದೆ. ಅಗ್ಗ. ಮಧ್ಯಾಹ್ನ ಅವರು ಕೊಡಿಸಿದ ಮುದ್ದೆ, ನಾಟಿಕೋಳಿ ಸಾರು ಕೂಡ ಚೆನ್ನಾಗಿತ್ತು. ಆ ದಿನ ನಾನು ಅವರಿಗೆ ನೂರಕ್ಕೆ ತೊಂಬತ್ತೈದು ಅಂಕ ಹಾಕಿದ್ದೆ. ಮಾರನೆಯ ದಿನ ಹೊಟ್ಟೆ ಖಾಲಿಯಾದಮೇಲೆ ಯೋಚಿಸಿದೆ. ಕಳ್ಳ ಹೋದಮೇಲೆ ಕಳ್ಳನ ಸಿನಿಮಾ ನೋಡಿ ಏನು ಮಾಡುವುದು?

ಮೂರನೆಯದರಲ್ಲಿ ಯಾರ ಬಳಿಯೂ ಖಾಯಂ ಕೀಲಿ ಇಲ್ಲ. ಒಳಗೆ ಹೋಗಬೇಕಾದವರು ತಮ್ಮ ಸ್ವಂತ ಹೆಸರಿನಲ್ಲಿ ಕೇಳಬೇಕು, ಕಾರಣ ಬರೆಯಬೇಕು. ಇಬ್ಬರು ತಮ್ಮ ಫೋನಿನಲ್ಲಿ ಒಪ್ಪಬೇಕು. ಒಂದು ಗಂಟೆಗೆ ಬಾಗಿಲು ತೆರೆಯುತ್ತದೆ, ಆಮೇಲೆ ಮುಚ್ಚಿಕೊಳ್ಳುತ್ತದೆ. ಹೋದವರ ಹೆಸರು, ಊರು, ಹೊತ್ತು, ಎಲ್ಲ ದಾಖಲಾಗುತ್ತದೆ. ಅಧ್ಯಕ್ಷನಾದರೂ ಕೇಳಿಯೇ ಹೋಗಬೇಕು. ನಾವು ಕೊಂಡಿದ್ದು ಇದನ್ನು.

ಇದರಲ್ಲಿ ಹೊಸದೇನಿದೆ? ನಾವು ರೇಷ್ಮೆಯವರು. ಹುಳು ಸಾಕುವ ಮನೆಗೆ ಕಾಲು ತೊಳೆಯದೆ ಯಾರನ್ನಾದರೂ ಬಿಡುತ್ತೇವೆಯೇ? ನನ್ನ ಸ್ವಂತ ಭಾವಮೈದುನ ಚಪ್ಪಲಿ ಹಾಕಿಕೊಂಡು ಒಳಗೆ ಇಣುಕಿದ ಎಂದು ಕುತ್ತಿಗೆ ಹಿಡಿದು ಹೊರಗೆ ದಬ್ಬಿದವನು ನಾನು. ಅವನು ಎರಡು ವರ್ಷ ಮಾತು ಬಿಟ್ಟಿದ್ದ. ಹುಳದ ವಿಷಯದಲ್ಲಿ ಇಷ್ಟು ಬುದ್ಧಿ ಇದ್ದವನಿಗೆ ದುಡ್ಡಿನ ವಿಷಯದಲ್ಲಿ ಯಾಕಿರಲಿಲ್ಲ? ಯಾಕಿರಲಿಲ್ಲ ಎಂದು ಕೇಳುತ್ತೇನೆ?

ಯಾಕೆಂದರೆ ಹೇಳುವವರು ಹೇಳಿದಾಗ ನಾನು ಕೇಳಲಿಲ್ಲ. ನಮ್ಮ ಕಂಪ್ಯೂಟರ್ ವಿಭಾಗದಲ್ಲಿ ಆರು ವರ್ಷ ಇದ್ದ, ನನ್ನ ಕಣ್ಣೆದುರೇ ಬೆಳೆದ ಯಾಮಿನಿ ನಿಮಗೆಲ್ಲ ಗೊತ್ತು. ಮೂರು ವರ್ಷದ ಹಿಂದೆಯೇ ಆಕೆ ಇಂಥದೇ ಸಾಫ್ಟ್‌ವೇರಿನ ನಾಲ್ಕು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟಳು.

"ದೊಡ್ಡಪ್ಪ, ಒಂದೇ ಅಡ್ಮಿನ್ ಹೆಸರಲ್ಲಿ ಇಬ್ಬರು ಮೂವರು ಹೋಗೋದು ಒಳ್ಳೇದಲ್ಲ. ನಾಳೆ ಏನಾದ್ರೂ ಆದ್ರೆ ಯಾರು ಮಾಡಿದ್ದು ಅಂತ ಗೊತ್ತಾಗಲ್ಲ."

"ಅಂದ್ರೆ ನಾನು ಒಳಗೆ ಹೋಗಬೇಕಾದ್ರೆ ಯಾರನ್ನ ಕೇಳಬೇಕಮ್ಮ?"

"ನನ್ನನ್ನೋ, ಕಾರ್ಯದರ್ಶಿನೋ ಕೇಳಬೇಕು."

"ಸಂಘದ ಅಧ್ಯಕ್ಷ ನಿನ್ನ ಕೇಳಬೇಕಾ? ಚೆನ್ನಾಗಿದೆ ಕಣಮ್ಮ ನ್ಯಾಯ!" ಎಂದು ಆ ನಾಲ್ಕು ಹಾಳೆಯ ಮೇಲೆ ಕಾಫಿ ಲೋಟ ಇಟ್ಟೆ. ಅಷ್ಟೇ ಅಲ್ಲ. ದೊಡ್ಡ ಕೀಲಿ ಅಧ್ಯಕ್ಷನ ಬಳಿಯೂ ಇರಬೇಕು ಎಂದು ಹಟ ಹಿಡಿದು ಬರೆಸಿಕೊಂಡೆ. ಹದಿನಾರು ಅಕ್ಷರ. ನೆನಪಿನಲ್ಲಿ ಇಟ್ಟುಕೊಳ್ಳಲಾಗದೆ ಒಂದು ರಟ್ಟಿನ ಮೇಲೆ ದಪ್ಪಕ್ಕೆ ಬರೆದು ಡ್ರಾಯರಿನಲ್ಲಿಟ್ಟೆ.

ಸಭಿಕರೇ, ಹತ್ತು ನಿಮಿಷ ಮುಗಿಯಿತು ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ನರಸಿಂಹಪ್ಪನವರೇ, ಇನ್ನೊಂದು ಸ್ವಲ್ಪ ಸಹಿಸಿಕೊಳ್ಳಿ. ಇಷ್ಟು ಹೊತ್ತು ನಾನು ಬರೆದುಕೊಂಡು ಬಂದದ್ದನ್ನು ಓದಿದೆ. ಮುಂದಿನದು ಬರೆದುಕೊಂಡು ಬಂದಿಲ್ಲ.

ಹೋದ ವರ್ಷದ ಆಯುಧಪೂಜೆ ಬುಧವಾರ ಬಿದ್ದಿತ್ತು. ಯಾಮಿನಿ ಅಂದು ರಜೆ. ಅವರ ಮನೆಯಲ್ಲಿ ನೂಲು ತೆಗೆಯುವ ಯಂತ್ರಕ್ಕೆ ಪೂಜೆ. ಕಚೇರಿಯಲ್ಲಿ ಪೂಜೆಯ ಏರ್ಪಾಡು ನನ್ನದು. ತಕ್ಕಡಿ ಇಟ್ಟೆವು, ಕಂಪ್ಯೂಟರುಗಳಿಗೆ ವಿಭೂತಿ ಬಳಿದೆವು, ತಿಜೋರಿಯ ಕೀಲಿಗೊಂಚಲನ್ನು ತಟ್ಟೆಯಲ್ಲಿಟ್ಟೆವು. ಆಗ ನನಗೆ ಅನ್ನಿಸಿತು: ಸಣ್ಣಪುಟ್ಟ ಕಬ್ಬಿಣದ ಕೀಲಿಗಳಿಗೆಲ್ಲ ಪೂಜೆ ಆಗುತ್ತದೆ, ಸಂಘದ ಅತಿ ದೊಡ್ಡ ಕೀಲಿಗೆ ಮಾತ್ರ ಇಲ್ಲವೇ? ಅದೂ ಆಯುಧವೇ ಅಲ್ಲವೇ? ಡ್ರಾಯರಿನಿಂದ ಆ ರಟ್ಟು ತೆಗೆದೆ. ಅರಿಶಿನ, ಕುಂಕುಮ ಇಟ್ಟೆ. ಮೂಲೆಗೊಂದು ಚೆಂಡುಹೂವು ಸಿಕ್ಕಿಸಿ ದೊಡ್ಡ ಕಂಪ್ಯೂಟರಿಗೆ ಒರಗಿಸಿ ನಿಲ್ಲಿಸಿದೆ. ಮಂಗಳಾರತಿ ಆಯಿತು. ಬೂದುಗುಂಬಳ ಒಡೆದೆವು. ಹೊಸ ರೇಷ್ಮೆ ಪಂಚೆ ಉಟ್ಟಿದ್ದೆ. ಪಂಚೆ ಕಾಣುವಂತೆ ನಿಂತು ಫೋಟೋ ತೆಗೆಸಿಕೊಂಡೆ. ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ, ನಾನೂರ ಹನ್ನೆರಡು ಜನ. ಸ್ಟೇಟಸ್ಸಿಗೂ ಹಾಕಿದೆ. "ಪಂಚೆ ಸೂಪರ್ ಸಾರ್" ಎಂದು ನಲವತ್ತು ಜನ ಬರೆದರು. ನಲವತ್ತೂ ಜನ ಪಂಚೆಯನ್ನೇ ನೋಡಿದರು. ರಟ್ಟನ್ನು ನೋಡಿದವನು ಏನೂ ಬರೆಯಲಿಲ್ಲ.

ಶನಿವಾರ ಸಂಜೆ ಆರೂ ಇಪ್ಪತ್ತಕ್ಕೆ ಸಂಘದ ಖಾತೆಯಿಂದ ಎರಡು ಲಕ್ಷ ಮೂವತ್ತೈದು ಸಾವಿರ ಯಾವುದೋ ರಾಜ್ಯದ ಯಾವುದೋ ಖಾತೆಗೆ ಹೋಯಿತು. ಮಂಗಳವಾರ ಗೊತ್ತಾಯಿತು. ದಾಖಲೆ ತೆಗೆದು ನೋಡಿದರೆ "ಅಡ್ಮಿನ್" ಎಂದಷ್ಟೇ ಇದೆ. ಯಾವ ಊರಿನಿಂದ, ಯಾವ ಕಂಪ್ಯೂಟರಿನಿಂದ, ಆ ಹಳೆಯ ಸಾಫ್ಟ್‌ವೇರು ಅದನ್ನೆಲ್ಲ ಬರೆದುಕೊಳ್ಳುತ್ತಿರಲಿಲ್ಲ. ಶನಿವಾರ ಆರೂ ಇಪ್ಪತ್ತಕ್ಕೆ ಕಚೇರಿಯಲ್ಲಿ ಇದ್ದವಳು ಯಾಮಿನಿ ಒಬ್ಬಳೇ.

ವಿಚಾರಣೆಗೆ ಕೂತೆವು. ಇದೇ ಕಟ್ಟಡದ ಮೇಲಿನ ಕೋಣೆ. ನಿರ್ದೇಶಕರು ನನ್ನನ್ನು ಕೇಳಿದರು, "ಅಧ್ಯಕ್ಷರೇ, ಪಾಸ್‌ವರ್ಡು ಇನ್ಯಾರಿಗೆ ಗೊತ್ತಿತ್ತು?"

ಬಂಧುಗಳೇ, ನನಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿ ಇದೆ ಎಂದು ನಾನು ಯಾವತ್ತಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನಂದಿಬೆಟ್ಟದ ಎತ್ತರದಿಂದ ಹಿಡಿದು ಅಮೆರಿಕದ ರೇಷ್ಮೆಯ ದರದವರೆಗೆ ನನಗೆ ಗೊತ್ತಿಲ್ಲದ್ದು ಯಾವುದಿತ್ತು? ಆ ದಿನ, ಜೀವನದಲ್ಲಿ ಅದೊಂದೇ ದಿನ, "ನಂಗೆ ಕಂಪ್ಯೂಟ್ರು ಏನು ಗೊತ್ತಪ್ಪ? ಹಳ್ಳಿಯೋನು. ಎಲ್ಲ ಆ ಹುಡುಗೀಗೇ ಗೊತ್ತು" ಎಂದೆ.

ಯಾಮಿನಿ ನನ್ನ ಮುಖ ನೋಡಿದಳು. ಕೀಲಿ ಬರೆದುಕೊಟ್ಟವಳು ಅವಳೇ ಅಲ್ಲವೇ? "ದೊಡ್ಡಪ್ಪ, ನಿಮಗೂ ಬರೆದುಕೊಟ್ಟಿದ್ನಲ್ಲ" ಎಂದಳು. "ಯಾವಾಗ ಕಣಮ್ಮ?" ಎಂದೆ. ಪೊಲೀಸರ ಹತ್ತಿರ ಹೋಗೋಣ ಎಂದವಳೂ ಅವಳೊಬ್ಬಳೇ. ಸಂಘದ ಹೆಸರು ಕೆಡುತ್ತದೆ ಎಂದು ತಡೆದವನು ನಾನು. ಅವಳೇ ರಾಜೀನಾಮೆ ಕೊಟ್ಟಳು. ಕೊಡಿಸಿದೆವು ಎಂದರೆ ಸರಿಯಾದೀತು. ಅವಳ ತಾಯಿ ಕದಿರಮ್ಮ ನಮ್ಮ ಅಂಗಳಕ್ಕೆ ಬಂದು, ಕೂರು ಎಂದರೂ ಕೂರದೆ, "ಮಾ ಪಿಲ್ಲ ಅಟ್ಲಾಂಟಿದಿ ಕಾದು ಅನ್ನಾ, ನಮ್ಮ ಹುಡುಗಿ ಅಂಥವಳಲ್ಲ. ನೀನೇ ಎತ್ತಾಡಿಸಿದ ಮಗು. ಒಂದು ಮಾತು ಹೇಳಣ್ಣ" ಎಂದಳು. "ನೋಡೋಣ ಕದಿರಮ್ಮ" ಎಂದೆ. ಹನ್ನೊಂದು ತಿಂಗಳು ನೋಡಿದೆ. ಈ ಹನ್ನೊಂದು ತಿಂಗಳಲ್ಲಿ ಆ ಹುಡುಗಿ ಮೂರು ಕಡೆ ಕೆಲಸಕ್ಕೆ ಹೋಗಿ ಕೇಳಿದಳು. ಮೂರು ಕಡೆಯವರೂ ನಮಗೆ ಫೋನು ಮಾಡಿ ವಿಚಾರಿಸಿದರು. ಒಂದು ಫೋನನ್ನು ನಾನೇ ಎತ್ತಿದೆ. "ಅದೇನೋ ಆಯ್ತು, ಬಿಡಿ ಸಾರ್" ಎಂದೆ. ಬೈದಿದ್ದರೂ ಅವಳಿಗೆ ಇಷ್ಟು ಕೆಡುಕಾಗುತ್ತಿರಲಿಲ್ಲ.

ಮೂರನೆಯ ಕಂಪನಿಯಿಂದ ತೋರಿಸಲು ಬಂದಿದ್ದವನು ಕಶ್ಯಪ್ ಎಂಬ ಹುಡುಗ. ಬಹಳ ಮರ್ಯಾದಸ್ಥ. ಅವನು ಫಾರಮ್ಮು ತುಂಬುತ್ತಾ ಕೇಳಿದ:

"ಸಾರ್, ಹಳೇ ಅಡ್ಮಿನ್ ಪಾಸ್‌ವರ್ಡು ಎಷ್ಟು ಜನದ ಹತ್ರ ಇತ್ತು?"

"ಒಬ್ಬಳ ಹತ್ರ."

"ಎಲ್ಲಾ ಕಡೆ ಒಬ್ಬರು ಅಂತಲೇ ಹೇಳ್ತಾರೆ ಸಾರ್. ಸರಿಯಾಗಿ ಹೇಳಿದ್ರೆ ನಮಗೆ ಅನುಕೂಲ. ಯಾರನ್ನೂ ಬೈಯೋಕಲ್ಲ, ಬೀಗ ಹಾಕೋಕೆ."

ಅವನಿಗೂ ನಾನು ಒಬ್ಬಳು ಎಂದೇ ಬರೆಸಿದೆ. ಹೊಸ ಸಾಫ್ಟ್‌ವೇರು ಆ ಸುಳ್ಳಿನ ಮೇಲೆ ಕೂತಿದೆ. ಅದನ್ನು ಉದ್ಘಾಟಿಸಲಿಕ್ಕೆ ನಾವೆಲ್ಲ ಬಂದಿದ್ದೇವೆ.

ಇನ್ನೂ ಇದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಜ್ಯೋತಿಲಕ್ಷ್ಮಿ ಅಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ. ಅವಳ ತವರಿನ ಪಾಲಿಗೆ ಬಂದ ಜಮೀನು ಮಾರಿದ ಹಣವನ್ನು ಇದೇ ಸಂಘದಲ್ಲಿ ನನ್ನ ಹೆಸರಿನಲ್ಲಿ ಠೇವಣಿ ಇಟ್ಟಿದ್ದೆ. ಶನಿವಾರ ಕಳ್ಳತನವಾಯಿತಲ್ಲ, ಅದಾಗಿ ಸೋಮವಾರ. ಇನ್ನೂ ಯಾರಿಗೂ ಏನೂ ಗೊತ್ತಿಲ್ಲ. ಯಾಮಿನಿಯೂ ನಾನೂ ಗೌರಿಬಿದನೂರು ಶಾಖೆಗೆಂದು ಕಾರಿನಲ್ಲಿ ಹೊರಟಿದ್ದೆವು. ನನ್ನ ಪಕ್ಕದಲ್ಲೇ ಕೂತಿದ್ದಳು, ತೊಡೆಯ ಮೇಲೆ ಶಾಖೆಯ ಕಡತಗಳು. ಫೋನು ಮಿಡಿಯಿತು. ನೋಡಿದರೆ ನನ್ನ ಠೇವಣಿ ಒಡೆದು ಹಣ ಹೊರಗೆ ಹೋದ ಸಂದೇಶ.

"ಏನಾಯ್ತು ದೊಡ್ಡಪ್ಪ? ಮುಖ ಯಾಕೆ ಹಿಂಗಾಯ್ತು?"

"ಗ್ಯಾಸು ಕಣಮ್ಮ."

ಮಂಚೇನಹಳ್ಳಿಯಲ್ಲಿ ಕಾರು ನಿಲ್ಲಿಸಲು ಹೇಳಿ, ತಾನೇ ಇಳಿದು ಹೋಗಿ ನಿಂಬೆ ಸೋಡಾ ತಂದುಕೊಟ್ಟಳು. ಕುಡಿಯುತ್ತಾ ಆ ಪೂಜೆಯ ಫೋಟೋವನ್ನು ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿದೆ. ಚೆಂಡುಹೂವಿನ ಪಕ್ಕ ಹದಿನಾರು ಅಕ್ಷರವೂ ಮುತ್ತಿನಂತೆ ಕಂಡವು. ಅಳಿಸಿದೆ. ಅಳಿಸಿದ್ದು ನನ್ನ ಫೋನಿನಿಂದ ಮಾತ್ರ ಎಂದು ಆಮೇಲೆ ತಿಳಿಯಿತು. ನಿಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿ ಇವತ್ತಿಗೂ ನಾನು ಪಂಚೆ ಉಟ್ಟುಕೊಂಡು ನಿಂತಿದ್ದೇನೆ. ತೆಗೆದು ನೋಡಿ. ಈಗಲೇ ನೋಡಿ.

ಲೆಕ್ಕಿಗ ಸುನೀಲ್‌ಕುಮಾರ್ ವಿಚಾರಣೆಗೆ ಮುಂಚೆ ಕೇಳಿದ, "ಸಾರ್, ನಿಮ್ಮ ಠೇವಣೀನೂ ಅಡ್ಮಿನ್ ಹೆಸರಲ್ಲೇ ಒಡೆದಿದೆಯಲ್ಲ?" "ನಾನೇ ಹೇಳಿ ಒಡೆಸಿದ್ದು ಕಣಯ್ಯ" ಎಂದು ಚೀಟಿ ಬರೆದು ಸಹಿ ಹಾಕಿಕೊಟ್ಟೆ. ದೂರು ಕೊಟ್ಟರೆ ನನ್ನ ಫೋನು ಕೇಳುತ್ತಾರೆ, ಫೋನು ಕೊಟ್ಟರೆ ಅಳಿಸಿದ ಫೋಟೋವೂ ಹೊರಗೆ ಬರುತ್ತದೆ. ಅದಕ್ಕೇ ಸ್ವಂತ ಹಣ ಹೋದರೂ ಬಾಯಿ ಮುಚ್ಚಿಕೊಂಡೆ. ತ್ಯಾಗವೆಂದು ತಿಳಿಯಬೇಡಿ. ಆ ಒಂದು ಚೀಟಿ ಇಲ್ಲದಿದ್ದರೆ ವಿಚಾರಣೆಯಲ್ಲಿ ಎರಡು ಕಳ್ಳತನ ಇರುತ್ತಿದ್ದವು. ಶನಿವಾರದ ಹೊತ್ತಿಗೆ ಯಾಮಿನಿ ಕಂಪ್ಯೂಟರಿನ ಮುಂದಿದ್ದಳು, ನಿಜ. ಸೋಮವಾರದ ಹೊತ್ತಿಗೆ ಎಲ್ಲಿದ್ದಳು? ಫೋನಿನಲ್ಲಿ ಓಡದ ಆ ಸಾಫ್ಟ್‌ವೇರಿನಿಂದ ಬಲು ದೂರ, ಅಧ್ಯಕ್ಷನ ಪಕ್ಕದಲ್ಲಿ, ಅಧ್ಯಕ್ಷನಿಗೆ ಸೋಡಾ ಕುಡಿಸುತ್ತಿದ್ದಳು. ಅವಳು ಕಳ್ಳಿಯಲ್ಲ ಎನ್ನುವುದಕ್ಕೆ ಸಾಕ್ಷಿ ಇದ್ದದ್ದು ನಾನೊಬ್ಬನೇ. ಸಾಕ್ಷಿಯೇ ಚೀಟಿ ಬರೆದು ಆ ಹೊತ್ತನ್ನು ಅಳಿಸಿಹಾಕಿತು.

ಯಾಮಿನಿ ಇಂದು ಬಂದಿದ್ದಾಳೆ. ನಾನು ಕರೆದದ್ದಕ್ಕಲ್ಲ. ಅವಳೂ ಷೇರುದಾರಳು, ಮಹಾಸಭೆಗೆ ಬರುವುದು ಅವಳ ಹಕ್ಕು. ಎಡಗಡೆ ಕಂಬದ ಪಕ್ಕ ಕೂತಿದ್ದಾಳೆ. ಅವಳಲ್ಲಿ ನಾನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಇಷ್ಟು ಜನರ ಮುಂದೆ ಕೊಡಲೇಬೇಕಾಗುತ್ತದೆ, ಪಾಪ. ಅಧ್ಯಕ್ಷರೇ, ವಾರ್ಷಿಕ ವರದಿಯ ಹದಿನೇಳನೆಯ ಪುಟದಲ್ಲಿ "ಸಿಬ್ಬಂದಿಯ ನಿರ್ಲಕ್ಷ್ಯದಿಂದಾದ ನಷ್ಟ" ಎಂದಿದೆ. ಸಿಬ್ಬಂದಿ ಎಂಬುದನ್ನು ಹೊಡೆದು ನನ್ನ ಹೆಸರು ಬರೆಯಿರಿ, ತಂದೆಯ ಹೆಸರು ಸಮೇತ. ನಾಳೆ ಪೊಲೀಸರ ಹತ್ತಿರ ನನ್ನ ಫೋನನ್ನು ನಾನೇ ತೆಗೆದುಕೊಂಡು ಹೋಗುತ್ತೇನೆ. ಸುನೀಲ್‌ಕುಮಾರ್, ಆ ಚೀಟಿ ಸುಳ್ಳು. ಹೊಸದಾಗಿ ಬರೆದುಕೋ, ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದ ಅಧ್ಯಕ್ಷರಿಗೆ, ಎದ್ದು ಹೋಗದ ಮುಖ್ಯ ಅತಿಥಿಗಳಿಗೆ, ಊಟ ಆರಿದರೂ ಕೂತಿರುವ ನಿಮಗೆ ನಾನು ಋಣಿ. ಜ್ಯೋತಿ, ಮನೆಗೆ ಹೋದಮೇಲೆ ನೀನು ಕೇಳುವುದನ್ನೆಲ್ಲ ಕೇಳು. ಬರೆದುಕೋ ಸುನೀಲ್‌ಕುಮಾರ್: ವೆಂಕಟರವಣಪ್ಪನ ಠೇವಣಿಯಿಂದ ಕಳುವಾದದ್ದು, ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಹನ್ನೊಂದು ಲಕ್ಷದ ಅರವತ್ತು ಸಾವಿರ ರೂಪಾಯಿ.

ನಮಸ್ಕಾರ.