ಚೀಲ ಹೊರುವ ಸರದಿ

ಕ್ಲೀವ್‌ಲ್ಯಾಂಡಿನ ನಮ್ಮ ಬಸ್‌ಸ್ಟಾಪಿನ ಹಿಂದೆ, ಕುಡಿತ ಬಿಟ್ಟವರು ಒಟ್ಟಿಗೆ ಇರುವ ಮನೆಯೊಂದಿದೆ. ಅಲ್ಲಿ ಯಾರಾದರೂ ಮತ್ತೆ ಕುಡಿದರೆ, ಉಳಿದವರೇ ಕೈ ಎತ್ತಿ ಮತ ಹಾಕಿ ಹೊರಗೆ ಕಳಿಸುತ್ತಾರೆ. ಸಂಜೆ ಅಲ್ಲಿಂದ ಇಬ್ಬರು ಬಂದು ನನ್ನ ಪಕ್ಕ ಕೂತರು. ವಯಸ್ಸಾದವನ ತೊಡೆಯ ಮೇಲೆ ಬಟ್ಟೆ ತುಂಬಿದ ಕಸದ ಚೀಲವಿತ್ತು.

“ಡೇರಿಯಸ್, ಕುಡಿತ ಬಿಡಿಸೋ ಆಸ್ಪತ್ರೆ ಸ್ಟಾಪಲ್ಲೇ ಇಳೀಬೇಕು. ದಾರೀಲಿ ಬಾರ್ ಕಂಡ್ರೆ ಕಣ್ಮುಚ್ಕೋ.”

“ಓಡ್ಸಿದ್ಮೇಲೆ ಉಪದೇಶ ಬೇರೆ. ನನ್ನ ಹೊರಗೆ ಹಾಕೋಕೆ ನೀನೂ ಕೈ ಎತ್ತಿದೆಯಲ್ಲ, ಓಟಿಸ್?”

“ಎತ್ತಿದೆ. ನೀನು ಕುಡಿದು ಬಂದಿದ್ದೆ.”

“ಒಂದೇ ಒಂದು ಬಿಯರು ಮಾರಾಯ!”

“ಒಂದಾದ್ರೂ ಅಷ್ಟೇ. ಮನೇಲಿ ಉಳಿದೋರು ಬದುಕ್ಬೇಕಲ್ಲ.”

“ಮತ್ತೆ ನನ್ ಚೀಲ ಯಾಕ್ ಹೊತ್ಕೊಂಡ್ ಬಂದೆ?”

“ಹೋದ್ವರ್ಷ ಕುಡಿದಿದ್ದಕ್ಕೆ ನನ್ನ ಹೊರಗೆ ಹಾಕ್ದಾಗ ನೀನೂ ಕೈ ಎತ್ತಿದ್ದೆ. ಆಮೇಲೆ ನನ್ ಚೀಲ ಹೊತ್ತೋನೂ ನೀನೇ.”

ಡೇರಿಯಸ್ ಮುಖ ಉಜ್ಜಿಕೊಂಡ. ಬಸ್ಸು ಬಂತು. ಅವನು ಏಳಲಿಲ್ಲ.

“ಒಬ್ನೇ ಹೋದ್ರೆ ಆಸ್ಪತ್ರೆ ಹತ್ರ ಇಳಿಯಲ್ಲ ನಾನು.”

ಓಟಿಸ್ ನಿಟ್ಟುಸಿರುಬಿಟ್ಟು ಎದ್ದ. “ನಡಿ, ನಾನೂ ಬರ್ತೀನಿ.”

“ಏಳು ಗಂಟೆಗೆ ಮನೆ ಬಾಗಿಲು ಹಾಕ್ತಾರೆ. ಹೊತ್ತು ಮೀರಿದ್ರೆ ನಿನ್ ಚೀಲಾನೂ ಹೊರಗೇ.”

“ಹೊರೋಕೆ ನೀನಿರ್ತೀಯಲ್ಲ. ಬಸ್ ಹತ್ತು.”

ಇಬ್ಬರೂ ಹತ್ತಿದರು.