ಗೆಜ್ಜೆಗೆ ಬಿಟ್ಟುಕೊಟ್ಟ ಜಾಗ

ಮಾನ್ಯ ಅಧ್ಯಕ್ಷರೇ, ಸೊರಬದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ ಮುಖ್ಯ ಅತಿಥಿಗಳೇ, ಮೊದಲ ಸಾಲಿನಲ್ಲಿ ಕೂತಿರುವ ನನ್ನ ತಾಯಿ ಹಾಲಮ್ಮನವರೇ, ಹಾಗೂ ಫ್ಯಾನಿನ ಕೆಳಗೆ ಜಾಗ ಸಿಗದ ಸಭಿಕರೇ,

ಶಿಕಾರಿಪುರದ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಈ ೧೯೯೮ಕ್ಕೆ ಮೂರು ವರ್ಷ. ನಾವೇ ತಯಾರಿಸಿದ ಹೋರಿ ಹಬ್ಬದ ಆಟದ ಬಗ್ಗೆ ಎರಡು ಮಾತು ಆಡಲು ಹೇಳಿದ್ದಾರೆ. ಎರಡರಲ್ಲೇ ಮುಗಿಯುತ್ತದೆ ಎಂದು ಭರವಸೆ ಕೊಡಲಾರೆ.

ಆಟ ಸರಳ. ಹೋರಿ ಓಡುತ್ತದೆ, ನೀವು ಅದರ ಕೊರಳಿನ ಕೊಬ್ಬರಿ ಹಾರ ಕೀಳುತ್ತೀರಿ, ಬಹಳ ಸಲ ಬೀಳುತ್ತೀರಿ. ಕಷ್ಟ ಕೊಟ್ಟದ್ದು ಶಬ್ದ. ಇದ್ದ ಹಾಗೇ ಇಟ್ಟರೆ ಒಂದೇ ಫ್ಲಾಪಿಯಲ್ಲಿ ಹಿಡಿಸುವುದಿಲ್ಲ. ಎಂಪಿತ್ರೀ ಮಾಡಿದರೆ ಬಹಳ ಚಿಕ್ಕದಾಗುತ್ತದೆ, ಆದರೆ ಅದನ್ನು ಬಿಡಿಸುವ ಭರದಲ್ಲಿ ನಮ್ಮ ಹಳೆಯ ಕಂಪ್ಯೂಟರು ಹೋರಿಯನ್ನೇ ನಿಲ್ಲಿಸಿಬಿಡುತ್ತದೆ. ನಿಂತ ಹೋರಿಯ ಹಾರ ಕೀಳುವುದು ಒಂದು ಪೌರುಷವೇ? ಉಳಿದದ್ದು ಎಡಿಪಿಸಿಎಂ ಎಂಬ ವಿಧಾನ. ಗಾತ್ರ ಕಾಲುಭಾಗ, ಜೊತೆಗೆ ಸ್ವಲ್ಪ ಗೊರಗೊರ.

ನಮ್ಮಲ್ಲಿದ್ದದ್ದು ಎರಡು ಶಬ್ದ. ನಮ್ಮ ಹೋರಿಯ ಗೆಜ್ಜೆ, ಮತ್ತು ಅದನ್ನು ಅಖಾಡಕ್ಕೆ ಬಿಡುವಾಗ ನಮ್ಮ ತಂದೆ ಬೆನಕಪ್ಪನವರು ಹಾಕುತ್ತಿದ್ದ ಕೂಗು. ಒಂದನ್ನು ಮಾತ್ರ ಇದ್ದ ಹಾಗೇ ಇಡಬಹುದಿತ್ತು. ಯಾವುದನ್ನು? ತಂದೆಯವರನ್ನೇ ಕೇಳಿದೆ.

“ನಂದೇನ್ ಕೇಳ್ತಿಯೋ ಸಿದ್ಧಲಿಂಗೇಶ? ಜನ ಬರೋದು ಹೋರಿ ನೋಡಾಕ. ಗೆಜ್ಜಿ ಚಲೋ ಕೇಳ್ಬೇಕು,” ಎಂದರು.

ನಮ್ಮ ಮನೆಯಲ್ಲಿ ಹಬ್ಬದ ಹೋಳಿಗೆ ಕೂಡ ಹೋರಿ ತಿಂದ ಮೇಲೆಯೇ ಉಳಿದವರಿಗೆ. ಹಾಗಾಗಿ ಗೆಜ್ಜೆ ಇದ್ದ ಹಾಗೇ ಉಳಿಯಿತು, ಕೂಗನ್ನು ಎಡಿಪಿಸಿಎಂನಲ್ಲಿ ಅಮುಕಿದೆ. ಹಾರ್ಡ್ ಡಿಸ್ಕಿನಲ್ಲಿ ಜಾಗ ಬೇಕಿತ್ತು ಎಂದು ಮೂಲ ಧ್ವನಿಯನ್ನು ಅಳಿಸಿದೆ. ತಂದೆ ಮನೆಯಲ್ಲೇ ಇದ್ದರಲ್ಲ, ಬೇಕಾದಾಗ ಮತ್ತೆ ಕೂಗಿಸಿದರಾಯಿತು ಎಂದುಕೊಂಡೆ. ಇದು ತಾಂತ್ರಿಕ ತಪ್ಪು. ವಿದ್ಯಾರ್ಥಿಗಳು ಬರೆದುಕೊಳ್ಳಿ.

ಯುಗಾದಿ ಹೊತ್ತಿಗೆ ತಂದೆ ತೀರಿಕೊಂಡರು.

ತಾಯಿಯವರು ಒಂದು ದಿನ ಕೇಂದ್ರಕ್ಕೆ ಬಂದು, “ಒಂದ್ಸಲ ಹಾಕಪ್ಪ,” ಎಂದರು. ಹಾಕಿದೆ. “ನಿಮ್ಮಪ್ಪಗ ನೆಗಡಿ ಆಗೇತಿ,” ಎಂದರು. ಮೊನ್ನೆ ಕೇಂದ್ರಕ್ಕೆ ಹೊಸ ಪೆಂಟಿಯಂ ಕಂಪ್ಯೂಟರು ಬಂತು. ಎಂಪಿತ್ರೀಯನ್ನು ಸಲೀಸಾಗಿ ಬಿಡಿಸುತ್ತದೆ. ಕೂಗನ್ನು ಅದಕ್ಕೂ ಬದಲಾಯಿಸಿ ನೋಡಿದೆ. ಅವ್ವ ಕೇಳಿಸಿಕೊಂಡು, “ಇನ್ನೂ ವಾಸಿ ಆಗಿಲ್ಲ ಬಿಡು,” ಎಂದಳು. ಒಮ್ಮೆ ಕಳೆದುಹೋದ ಧ್ವನಿ ಯಾವ ವಿಧಾನದಲ್ಲೂ ವಾಪಸು ಬರುವುದಿಲ್ಲ. ನನಗೆ ಇದರಿಂದ ಬಹಳ ಸಂಕಟವಾಗಿದೆ.

ಈಗ ಆಟ ಹಾಕುತ್ತೇನೆ. ಗೆಜ್ಜೆ ಸ್ಪಷ್ಟವಾಗಿ ಕೇಳಿಸುತ್ತದೆ, ಧಾರಾಳವಾಗಿ ಚಪ್ಪಾಳೆ ಹೊಡೆಯಿರಿ. ಕೂಗು ಮೂರೇ ಸೆಕೆಂಡು. ಆಗ ಮಾತ್ರ ದಯವಿಟ್ಟು ಯಾರೂ ಕೆಮ್ಮಬೇಡಿ. ಫ್ಯಾನನ್ನೂ ನಿಲ್ಲಿಸುತ್ತೇವೆ, ಸೆಕೆಯಾದರೆ ಕ್ಷಮಿಸಿ.

ಇಷ್ಟು ಹೊತ್ತು ಕೇಳಿದ್ದಕ್ಕೂ, ಇನ್ನು ಮೂರು ಸೆಕೆಂಡು ಕೇಳಲಿರುವುದಕ್ಕೂ ನಿಮಗೆ ಧನ್ಯವಾದ. ನಮಸ್ಕಾರ.