ಎದೆ ಒತ್ತಿದವರ ಮೇಲೆ ದೂರು

ಸಭಾಧ್ಯಕ್ಷರೇ, ಅತಿಥಿಗಳೇ, ವೇದಿಕೆಗೆ ಕರೆದರೂ ಬಾರದೆ ಕೊನೆಯ ಸಾಲಿನಲ್ಲೇ ಕುಳಿತಿರುವ ಇಂದಿನ ಸನ್ಮಾನಿತ ಮಂಜುನಾಥಪ್ಪನವರೇ, ಸಭಿಕರೇ,

ಹೊಸನಗರದ ನಮ್ಮ ಸೊಸೈಟಿಯ ಅಧ್ಯಕ್ಷನಾಗಿ ಗಣೇಶಮೂರ್ತಿಯೆಂಬ ನಾನು ಅನೇಕರಿಗೆ ಅಭಿನಂದನಾ ನುಡಿ ಆಡಿದ್ದೇನೆ. ಅವರಲ್ಲಿ ಯಾರ ಮೇಲೂ ಪೊಲೀಸರಿಗೆ ದೂರು ಕೊಟ್ಟಿರಲಿಲ್ಲ. ಇದು ಹೊಸ ಅನುಭವ.

ಈ ವರ್ಷದ ಮಹಾಸಭೆ ನಿಮಗೆ ನೆನಪಿದೆ. ಚುನಾವಣೆಯಲ್ಲಿ ನನ್ನೆದುರು ಸೋತ ಮಂಜುನಾಥಪ್ಪನವರು ಎದ್ದು, "ಗೋದಾಮಿನ ಮಾಡು ಸೋರ್ತದೆ, ಯಾವಾಗ ಸರಿ ಮಾಡಿಸ್ತೀರಿ?" ಎಂದು ಕೇಳಿದರು. ನಾನು ಮಾಡಿನ ಮಾತು ಬಿಟ್ಟು ಅವರ ಯೋಗ್ಯತೆಯ ಮಾತೆತ್ತಿದೆ. ದನಿ ಏರಿತು. ಅವರು ಮೈಕಿನ ಹತ್ತಿರ ಬಂದರು. ಅಷ್ಟರಲ್ಲಿ ನಾನು ಬಿದ್ದೆ. ಹೃದಯಾಘಾತ, ಹೃದಯ ನಿಂತೇ ಹೋಗಿತ್ತು. ವಾದದಲ್ಲಿ ಸೋಲುತ್ತಿರುವವನಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆದೀತೇ?

ಮಂಜುನಾಥಪ್ಪನವರು ಕಾರ್ಗಲ್‌ನಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತರಾದವರು. ಶಾಕ್ ಹೊಡೆದು ಬಿದ್ದವರ ಎದೆ ಒತ್ತಿ ಬದುಕಿಸುವ ತರಬೇತಿ ಅಲ್ಲಿ ಆಗಿತ್ತು. ನನಗೆ ಉಸಿರಿಲ್ಲದ್ದು ಕಂಡು ಮಂಡಿಯೂರಿ, ಎರಡೂ ಕೈಯಿಂದ ಒತ್ತತೊಡಗಿದರು. ನಮ್ಮ ಕಡೆಯವರಿಗೆ ಕಂಡದ್ದೇನು? ಸೋತವನು ಗೆದ್ದವನನ್ನು ಕೆಡವಿ ಗುದ್ದುತ್ತಿದ್ದಾನೆ. ನನ್ನ ಅಳಿಯ ಶ್ರೀಶ, ಮಂಜುನಾಥಪ್ಪನವರ ಕಾಲರ್ ಹಿಡಿದೆಳೆದು ಮುಖಕ್ಕೆ ಬಾರಿಸಿದ. ಅವರು ತುಟಿಯ ರಕ್ತ ಒರೆಸಿಕೊಂಡು ಹೇಳಿದರಂತೆ: "ಹೊಡಿಯೋದಾದ್ರೆ ಆಮೇಲೆ ಹೊಡೀರಿ ಮಾರಾಯ್ರೆ, ನಾನೇನು ಓಡಿಹೋಗಲ್ಲ. ಈಗ ಎದೆ ಒತ್ತಕ್ಕೆ ಬಿಡಿ."

ಆಂಬುಲೆನ್ಸ್ ಬರುವವರೆಗೂ ಒತ್ತಿದರು. ನಾನು ಬದುಕಿದೆ.

ಎಚ್ಚರವಾದಾಗ ಎದೆಯ ಎಲುಬು ಮುರಿದಿತ್ತು. ಜೀವ ಉಳಿಸುವಾಗ ಹಾಗಾಗುವುದುಂಟು ಎಂದರು ಡಾಕ್ಟರು. ನಾನು ಕೇಳಿದೆನೇ? ಆಸ್ಪತ್ರೆಯ ಮಂಚದಿಂದಲೇ ಹಲ್ಲೆಯ ದೂರು ಬರೆಸಿದೆ. ಹೆಂಡತಿ ವರದಾ ಕೇಳಿದಳು: "ಎಂತ ದೂರು? ಅವ್ರು ಒತ್ತದೇ ಇದ್ದಿದ್ರೆ ದೂರು ಕೊಡಲೆ ನಿಂಗೊ ಎಲ್ಲಿರ್ತಿದ್ರಿ?" ನಾನು ಪೆನ್ನು ಕೇಳಿ ಪಡೆದು ಸಹಿ ಹಾಕಿದೆ. ಔಷಧದ ಮಂಪರಿನಲ್ಲಿದ್ದೆ ಎನ್ನೋಣವೇ? ಮುಂದಿನ ಚುನಾವಣೆಗೂ ನಿಲ್ಲುವವರು ಅವರೇ ಎಂಬುದು ಮಾತ್ರ ಆ ಮಂಪರಿನಲ್ಲೂ ಚೆನ್ನಾಗಿ ನೆನಪಿತ್ತು.

ಅಂದಿನಿಂದ ಅವರು ವಿಚಾರಣೆಗೆಂದು ಠಾಣೆಗೆ ಅಲೆಯುತ್ತಿದ್ದಾರೆ. ಅವರು ಉಳಿಸಿಕೊಟ್ಟ ಹೃದಯ ಹೊತ್ತು ನಾನು ಮದುವೆ ಮನೆಗಳಿಗೆ ಹೋಗುತ್ತಿದ್ದೇನೆ.

"ನಾಳೆಯೇ ದೂರು ಹಿಂದಕ್ಕೆ ಪಡೆಯುತ್ತೇನೆ" ಎಂದು ಭಾಷಣದ ಕೊನೆಗೆ ಬರೆದುಕೊಂಡು ಬಂದಿದ್ದೆ. ಚಪ್ಪಾಳೆ ಬೀಳುವ ವಾಕ್ಯ. ಆದರೆ ನಾಳೆ ಏಕೆ? ಠಾಣೆ ಎದುರಿಗೇ ಇದೆ. ಈಗಲೇ ಹೊರಟೆ. ನಾನು ಬರುವವರೆಗೆ ಶಾಲು ಮಡಿಸಿದಂತೆಯೇ ಇರಲಿ. ಮಂಜುನಾಥಪ್ಪನವರೇ, ಜೊತೆಗೆ ಬನ್ನಿ ಎನ್ನಲು ಬಾಯಿ ಬರುತ್ತಿಲ್ಲ. ಆ ದಾರಿಯನ್ನು ನೀವು ಸಾಕಷ್ಟು ಸವೆಸಿದ್ದೀರಿ. ನೀವು ಕುಳಿತಿರಿ.

ಇಷ್ಟು ಹೊತ್ತು ಸಹಿಸಿದ ಎಲ್ಲರಿಗೂ ವಂದನೆ, ನಮಸ್ಕಾರ.